ಸಹಿ ಅವರದು, ಬದುಕು ನಮ್ಮದು

ಹುಬ್ಬಳ್ಳಿಯಲ್ಲಿದ್ದಾಗ ನಮ್ಮನೆಯವರ ಹುಟ್ಟುಹಬ್ಬ ಅಂದರೆ ಅತ್ತೆಯವರ ಕೈಯ ಹೋಳಿಗೆ, ಅಷ್ಟೇ. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಆ ದಿನ ಹತ್ತಿರ ಬಂದಂತೆಲ್ಲ ನನಗೆ ಸಂಕಟ ಶುರುವಾಗುತ್ತಿತ್ತು. ಯಾಕೆಂದರೆ ಕೆಲಸ ಕೊಟ್ಟವರ ಮೂಲಕ ಇಲ್ಲಿ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಬೇಕೆಂದರೆ ಅರ್ಜಿ ಹಾಕುವ ದಿನ ಸಾಮಾನ್ಯವಾಗಿ 45 ತುಂಬಿರಬಾರದು. ನಾವು ಬಂದಾಗ ಇವರಿಗೆ 41.

ಇವರು ಡೀಸೆಲ್ ಮೆಕ್ಯಾನಿಕ್. ಐಟಿಐ ಮುಗಿಸಿ ಗೋಕುಲ ರಸ್ತೆಯ ಲಾರಿ ಗ್ಯಾರೇಜುಗಳಲ್ಲಿ ವರ್ಷಗಟ್ಟಲೆ ಕೈ ಕಪ್ಪು ಮಾಡಿಕೊಂಡವರು. 2022ರ ಮಾರ್ಚ್‌ನಲ್ಲಿ ನಾವಿಬ್ಬರೂ ಮಗಳನ್ನು ಕರೆದುಕೊಂಡು ಡಬ್ಬೋಗೆ ಬಂದಿಳಿದೆವು. ಸಿಡ್ನಿಯಿಂದ ಸುಮಾರು 400 ಕಿ.ಮೀ. ಒಳನಾಡಿನ ಊರು. ಸುತ್ತ ಗೋಧಿ ಹೊಲ, ಕುರಿ ಮಂದೆ, ಊರಿನ ಮೂಲಕ ಹಾಯುವ ನ್ಯೂವೆಲ್ ಹೆದ್ದಾರಿ. ಲಾರಿ ಇದ್ದಲ್ಲಿ ರಿಪೇರಿ ಇದ್ದೇ ಇರುತ್ತದೆ, ಮೆಕ್ಯಾನಿಕ್‌ಗಳೇ ಸಾಲುವುದಿಲ್ಲ. ಹಾಗಾಗಿಯೇ ಒಂದು ವರ್ಕ್‌ಶಾಪಿನವರು ಇವರನ್ನು ಕರೆಸಿಕೊಂಡಿದ್ದು.

ನಮ್ಮದು 482 ಎಂಬ ವೀಸಾ, ನಾಲ್ಕು ವರ್ಷದ್ದು. ಅದು ಕೆಲಸಕ್ಕೆ ಕಟ್ಟಿದ ವೀಸಾ. ಯಾರು ಪ್ರಾಯೋಜಕರೋ ಅವರಲ್ಲೇ ದುಡಿಯಬೇಕು. ಅದಾದ ಮೇಲೆ ಕಂಪನಿ ಮನಸ್ಸು ಮಾಡಿದರೆ 186 ಎಂಬ ಕಾಯಂ ವೀಸಾಕ್ಕೆ ಹೆಸರು ಸೂಚಿಸಬಹುದು. ಇದಕ್ಕೆ ನಾಮಿನೇಷನ್ ಅನ್ನುತ್ತಾರೆ. ಕೆಲಸ ಇವರದು, ಸಹಿ ಮಾತ್ರ ಕಂಪನಿಯದು. ಅದು ಬೀಳದೆ ನಮ್ಮ ಅರ್ಜಿ ಮುಂದೆ ಹೋಗುವುದೇ ಇಲ್ಲ.

ಪಿಆರ್ ಇಲ್ಲದಿದ್ದರೆ ಏನಾಗುತ್ತದೆ ಅಂತ ಊರಿನವರು ಕೇಳುತ್ತಾರೆ. ನಮ್ಮ ಲೆಕ್ಕ ಹೀಗಿತ್ತು. ನಾವಿರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಇಂಥ ವೀಸಾದವರ ಮಕ್ಕಳಿಗೆ ಸರ್ಕಾರಿ ಶಾಲೆಗೂ ವರ್ಷಕ್ಕೆ ಸಾವಿರಾರು ಡಾಲರ್ ಶುಲ್ಕ. ಸರ್ಕಾರದ ಮೆಡಿಕೇರ್ ನಮಗಿಲ್ಲ, ಖಾಸಗಿ ಆರೋಗ್ಯ ವಿಮೆ ಕಡ್ಡಾಯ. ಮಗಳು ಮುಂದೆ ಯೂನಿವರ್ಸಿಟಿಗೆ ಹೋದರೆ ಹೊರದೇಶದ ವಿದ್ಯಾರ್ಥಿಯ ಫೀಸು. ಎಲ್ಲಕ್ಕಿಂತ ಹೆಚ್ಚಾಗಿ, ಮಾಲೀಕರ ಮುಖ ಸಪ್ಪಗಾದರೆ ನಮ್ಮ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ.

'ಮುಂದಿನ ತಿಂಗಳು ನೋಡೋಣ'

ಸೇರುವಾಗ 'ಮೂರು ವರ್ಷ ಆಗಲಿ, ಪಿಆರ್ ಮಾಡಿಸ್ತೀವಿ' ಅಂದಿದ್ದರು. ಬಾಯಿಮಾತು. ಒಂದು ಇಮೇಲ್ ಸಹ ಇಲ್ಲ. 2023ರ ನವೆಂಬರ್ 25ರಿಂದ ನಿಯಮ ಸಡಿಲವಾಗಿ, ಮೂರರ ಬದಲು ಎರಡು ವರ್ಷ ದುಡಿದರೆ ಸಾಕು ಎಂದಾಯಿತು. 2024ರ ಮಾರ್ಚ್‌ಗೆ ನಮಗೆ ಎರಡು ವರ್ಷ ತುಂಬಿತು. ಪಾಯಸ ಮಾಡಿದ್ದೆ.

ಇವರು ಹೋಗಿ ಕೇಳಿದರೆ 'ಮುಂದಿನ ತಿಂಗಳು ನೋಡೋಣ'. ಆ ತಿಂಗಳು ಬಂದರೆ 'ಅಕೌಂಟೆಂಟ್ ರಜೆಯಲ್ಲಿದ್ದಾರೆ'. ನಡುವೆ ಇವರು ಇಂಗ್ಲಿಷ್ ಪರೀಕ್ಷೆಗೂ ಕೂತರು. ಐಇಎಲ್‌ಟಿಎಸ್‌ನಲ್ಲಿ ಓದು, ಬರಹ, ಕೇಳು, ಮಾತು, ನಾಲ್ಕರಲ್ಲೂ 6 ಬರಬೇಕು. ಮೊದಲ ಸಲ ಬರಹದಲ್ಲಿ ಐದೂವರೆ. 'ಎಂಜಿನ್ ಬಿಚ್ಚಿ ಕೂಡಸಂದ್ರ ಕೂಡಸ್ತೀನಿ, ಪ್ರಬಂಧ ಬರಿ ಅಂದ್ರ ಹೆಂಗ ಬರೀಲಿ?' ಅಂತ ರಾತ್ರಿ ಹನ್ನೊಂದರ ತನಕ ಮಗಳ ಮುಂದೆ ಕೂತು ಬರೆದರು. ಎರಡನೇ ಸಲ ಪಾಸಾದರು. ಸಹಿ ಮಾತ್ರ ಬರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ಬೂಟು ಸಹ ಬಿಚ್ಚದೆ ಅಡುಗೆಮನೆ ಬಾಗಿಲಲ್ಲಿ ನಿಂತರು.

'ಎಂಟು ಸಾವಿರ ಡಾಲರ್ ಕೇಳ್ಯಾರ. ಸರ್ಕಾರಕ್ಕ ಕಟ್ಟೋ ಲೆವಿ, ವಕೀಲರ ಫೀಸು, ಎಲ್ಲಾ ನಮ್ಮದ ಅಂತ. ನಗದು ಕೊಡಬೇಕಂತ.'

'ಕೊಟ್ರ ಸಹಿ ಮಾಡ್ತಾರೇನ್ರಿ?'

'ಮಾಡ್ತಾರಂತ.'

ಎಂಟು ಸಾವಿರ ಅಂದರೆ ಹತ್ತಿರ ಹತ್ತಿರ ನಾಲ್ಕೂವರೆ ಲಕ್ಷ ರೂಪಾಯಿ. ಹುಬ್ಬಳ್ಳಿಯ ಲಾಕರಿನಲ್ಲಿ ಅವ್ವ ಕೊಟ್ಟ ಪಾಟ್ಲಿ, ಬಿಲ್ವಾರ ಇದ್ದವು. ಅಣ್ಣನಿಗೆ ಫೋನ್ ಮಾಡಿದೆ. 'ಬಂಗಾರ ಇರೂದ ಇಂಥಾ ಹೊತ್ತಿಗೆ ತಂಗಿ, ನಾಳೆನ ಅಡ ಇಟ್ಟು ಕಳಸ್ತೀನಿ' ಅಂದ. ಸುಳ್ಳು ಯಾಕೆ ಹೇಳಲಿ, ನಾನು ಕೊಟ್ಟುಬಿಡಲು ತಯಾರಾಗಿದ್ದೆ. ಇಷ್ಟು ದೂರ ಬಂದು ಎಂಟು ಸಾವಿರಕ್ಕೆ ಮಗಳ ಓದು ನಿಲ್ಲಬೇಕೇ ಅನ್ನಿಸಿತ್ತು.

ಕೊಟ್ಟವರಿಗೂ ದಂಡ

ಇವರೇ ತಡೆದರು. 'ರಸೀದಿ ಕೊಡಲಾರದ ರೊಕ್ಕ ಯಾವತ್ತಿದ್ರೂ ಕೆಟ್ಟದ್ದು. ಒಂದ್ಸಲ ತಿಳಿದವರನ್ನ ಕೇಳೂಣು' ಅಂದರು. ಸಿಡ್ನಿಯ ರಾಜ್ಯೋತ್ಸವಕ್ಕೆ ಹೋದಾಗ ಪರಿಚಯದವರೊಬ್ಬರು ನೋಂದಾಯಿತ ಮೈಗ್ರೇಷನ್ ಏಜೆಂಟ್ ಒಬ್ಬರ ನಂಬರ್ ಕೊಟ್ಟರು. ಅವರು ಹೇಳಿದ್ದು ಕೇಳಿ ನನ್ನ ಕೈಕಾಲು ತಣ್ಣಗಾದವು.

186ಕ್ಕೆ ನಾಮಿನೇಷನ್ ಮಾಡುವ ಕಂಪನಿ ಸರ್ಕಾರಕ್ಕೆ ತರಬೇತಿ ನಿಧಿಯ ಲೆವಿ ಕಟ್ಟಬೇಕು. ವರ್ಷದ ವಹಿವಾಟು ಒಂದು ಕೋಟಿ ಡಾಲರ್‌ಗಿಂತ ಕಡಿಮೆ ಇದ್ದರೆ 3,000 ಡಾಲರ್, ಅದಕ್ಕಿಂತ ಹೆಚ್ಚಿದ್ದರೆ 5,000. ಅದು ಕಂಪನಿಯ ಖರ್ಚು. ನೌಕರನ ಮೇಲೆ ಹೊರಿಸುವಂತಿಲ್ಲ. ನಮ್ಮ ವೀಸಾ ಅರ್ಜಿಯ ಶುಲ್ಕ ಬೇರೆ, ಅದನ್ನು ನಾವು ಕಟ್ಟಬಹುದು. ಆದರೆ ಪ್ರಾಯೋಜಿಸುವುದಕ್ಕಾಗಿ ಹಣ ತೆಗೆದುಕೊಳ್ಳುವುದು 2015ರ ಕಾನೂನಿನ ಪ್ರಕಾರ ಅಪರಾಧ, ಜೈಲು ಸಹ ಆಗಬಹುದು. ಕೊಟ್ಟವರಿಗೂ ದಂಡ ಬೀಳಬಹುದು, ವೀಸಾ ರದ್ದಾಗಬಹುದು. ಅವ್ವನ ಬಂಗಾರ ಅಡ ಇಟ್ಟು ನಾನು ಕೊಳ್ಳಲು ಹೊರಟಿದ್ದು ಪಿಆರ್ ಅಲ್ಲ, ವಾಪಸ್ ಟಿಕೆಟ್!

ಇನ್ನೊಂದು ಸಂಗತಿಯನ್ನೂ ಅವರು ಹೇಳಿದರು. ಮೊದಲು ಕೆಲಸ ಹೋದರೆ ಹೊಸ ಪ್ರಾಯೋಜಕರನ್ನು ಹುಡುಕಲು 60 ದಿನ ಮಾತ್ರ ಇತ್ತು. 2024ರ ಜುಲೈ 1ರಿಂದ ಅದು ಒಂದು ಸಲಕ್ಕೆ 180 ದಿನ, ಒಟ್ಟು 365 ದಿನ ಆಗಿದೆ. ಆ ದಿನಗಳಲ್ಲಿ ಬೇರೆ ಕಡೆ ದುಡಿಯಲೂ ಬಹುದು. ಅದೇ ವರ್ಷದ ಡಿಸೆಂಬರ್ 7ರಿಂದ ಮತ್ತೊಂದು ಬದಲಾವಣೆ ಬಂತು. ಎರಡು ವರ್ಷದ ದುಡಿಮೆ ಒಂದೇ ಕಂಪನಿಯಲ್ಲಿ ಆಗಬೇಕಿಲ್ಲ, ಮಾನ್ಯತೆ ಪಡೆದ ಯಾವ ಪ್ರಾಯೋಜಕರ ಬಳಿ ದುಡಿದದ್ದೂ ಲೆಕ್ಕಕ್ಕೆ ಬರುತ್ತದೆ. ಅಂದರೆ ಮಾಲೀಕರನ್ನು ಬಿಟ್ಟರೂ ದುಡಿದ ವರ್ಷಗಳು ನಮ್ಮವೇ.

ಇವರು ದುಡ್ಡು ಕೊಡುವುದಿಲ್ಲ ಎಂದು ಹೇಳಿಬಂದರು. ಆಮೇಲಿನ ಎರಡು ತಿಂಗಳು ಕಷ್ಟದವು. ಶನಿವಾರದ ಓವರ್‌ಟೈಮ್ ನಿಂತಿತು, ಮಾತು ನಿಂತಿತು. ಜನವರಿಯಲ್ಲಿ ಅದೇ ಹೆದ್ದಾರಿಯ ಇನ್ನೊಂದು ವರ್ಕ್‌ಶಾಪಿಗೆ ಹೋಗಿ ಕೇಳಿದರು. ಅಲ್ಲಿನ ಮಾಲೀಕರು ಒಂದು ಗೇರ್‌ಬಾಕ್ಸ್ ಬಿಚ್ಚಿಸಿ ನೋಡಿ, ಕಾಗದಪತ್ರದ ಖರ್ಚು ತಮ್ಮದು ಎಂದರು. ಮೊದಲು 482ರ ನಾಮಿನೇಷನ್ ಅವರ ಹೆಸರಿಗೆ ಬಂತು, ಆಮೇಲೆ 186ರದ್ದು. ಈ ಸಲ ಎಲ್ಲವನ್ನೂ ಬರಹದಲ್ಲಿ ಕೇಳಿ ಪಡೆದುಕೊಂಡೆವು. ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆಯ ಓಡಾಟ ಮುಗಿಸಿ, 2025ರ ಜುಲೈನಲ್ಲಿ ನಮ್ಮ ಅರ್ಜಿ ಹೋಯಿತು. ಇವರಿಗೆ 45 ತುಂಬಲು ಮೂರು ವಾರ ಬಾಕಿ ಇತ್ತು.

ಪಿಆರ್ ಇನ್ನೂ ಬಂದಿಲ್ಲ, ಕಾಯುತ್ತಿದ್ದೇವೆ. ಆದರೆ ಅರ್ಜಿ ಹಾಕಿದ ದಿನದ ವಯಸ್ಸೇ ಲೆಕ್ಕವಾದ್ದರಿಂದ ಆ ಭಯ ಹೋಯಿತು. ಕಾಯಂ ವೀಸಾಕ್ಕೆ ಅರ್ಜಿ ಹಾಕಿದ್ದರಿಂದ ತಾತ್ಕಾಲಿಕ ಮೆಡಿಕೇರ್‌ನ ನೀಲಿ ಕಾರ್ಡ್ ಬಂದಿದೆ. ಈ ಆಗಸ್ಟಿನಲ್ಲಿ ನಾನೇ ಹೋಳಿಗೆ ಮಾಡಿದೆ. ಎರಡು ಹರಿದವು, ಯಾರೂ ದೂರಲಿಲ್ಲ.

ನಿಮ್ಮ ಮನೆಯಿಂದಲೂ ಯಾರಾದರೂ ಈ ದಾರಿಯಲ್ಲಿ ಹೊರಟಿರಬಹುದು. ಅವರಿಗೆ ನನ್ನ ಅನುಭವದ ನಾಲ್ಕು ಮಾತು. ಪಿಆರ್ ಮಾಡಿಸುತ್ತೇವೆ ಅಂದರೆ ಯಾವಾಗ ಅಂತ ಬರಹದಲ್ಲಿ ಕೇಳಿ. ಸಂಬಳದ ಚೀಟಿ ಒಂದನ್ನೂ ಕಳೆಯಬೇಡಿ, ದುಡಿದದ್ದಕ್ಕೆ ಅದೇ ಸಾಕ್ಷಿ. ನಿಯಮಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಗೆಳೆಯರ ಮಾತಿಗಿಂತ ಗೃಹ ಇಲಾಖೆಯ ವೆಬ್‌ಸೈಟ್ ನೋಡಿ, ನೋಂದಣಿ ಇರುವ ಏಜೆಂಟರನ್ನೇ ಕೇಳಿ. ವಯಸ್ಸಿನ ಲೆಕ್ಕ ಮೊದಲ ದಿನವೇ ಹಾಕಿ.

ಮೊನ್ನೆ ಹಳೆಯ ವರ್ಕ್‌ಶಾಪಿನ ವೆಲ್ಡರ್ ಫೋನ್ ಮಾಡಿದ್ದ. ಫಿಲಿಪ್ಪೀನ್ಸ್‌ನ ಹುಡುಗ, ಹೆಂಡತಿ ಬಸುರಿ. 'ಅಣ್ಣಾ, ನೀವು ಎಷ್ಟು ಕೊಟ್ಟಿರಿ?' ಅಂತ ಅವನ ಇಂಗ್ಲಿಷಿನಲ್ಲಿ ಕೇಳಿದ. ಇವರು 'ಏನೂ ಕೊಟ್ಟಿಲ್ಲ, ನೀನೂ ಕೊಡಬೇಡ, ಭಾನುವಾರ ಮನೆಗೆ ಬಾ' ಅಂದರು. ಏಜೆಂಟರ ನಂಬರ್ ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಿದ್ದೇನೆ.