ರಾಷ್ಟ್ರೀಯ ಸೇವಾ ಯೋಜನೆ ಮತ್ತು ವಿದ್ಯಾರ್ಥಿ ನಾಯಕತ್ವ

ರಾಷ್ಟ್ರೀಯ ಸೇವಾ ಯೋಜನೆಯು (ಎನ್.ಎಸ್.ಎಸ್.) ಸಮುದಾಯ ಸೇವೆಯ ಮೂಲಕ ವಿದ್ಯಾರ್ಥಿಗಳ ವ್ಯಕ್ತಿತ್ವವನ್ನು ರೂಪಿಸಲು ಭಾರತ ಸರ್ಕಾರವು ನಡೆಸುತ್ತಿರುವ ಕಾರ್ಯಕ್ರಮವಾಗಿದೆ. ಇದು 1969ರ ಸೆಪ್ಟೆಂಬರ್ 24ರಂದು ಆರಂಭವಾಯಿತು. ಸಮುದಾಯದ ಅಗತ್ಯಗಳನ್ನು ಗುರುತಿಸುವುದು, ಅವುಗಳ ಪರಿಹಾರದಲ್ಲಿ ಪಾಲ್ಗೊಳ್ಳುವುದು, ನಾಯಕತ್ವದ ಗುಣ ಮತ್ತು ಪ್ರಜಾಸತ್ತಾತ್ಮಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಇದರ ಉದ್ದೇಶಗಳಲ್ಲಿ ಸೇರಿವೆ.

ಹಿನ್ನೆಲೆ

ಸ್ವಾತಂತ್ರ್ಯಾನಂತರ ವಿದ್ಯಾರ್ಥಿಗಳ ಸೇವೆಯು ಸ್ವಯಂಪ್ರೇರಿತವಾಗಿರಬೇಕೆ, ಕಡ್ಡಾಯವಾಗಿರಬೇಕೆ ಎಂಬ ಪ್ರಶ್ನೆ ಎರಡು ದಶಕಗಳ ಕಾಲ ಚರ್ಚೆಯಲ್ಲಿತ್ತು. ಡಾ. ಎಸ್. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು (1948–49) ಸ್ವಯಂಪ್ರೇರಿತ ಸೇವೆಯನ್ನು ಶಿಫಾರಸು ಮಾಡಿತು. 1959ರಲ್ಲಿ ನೇಮಕಗೊಂಡ ಸಿ. ಡಿ. ದೇಶಮುಖ್ ಸಮಿತಿಯು, ಪ್ರೌಢಶಾಲಾ ಶಿಕ್ಷಣ ಮುಗಿಸಿ ಕಾಲೇಜಿಗೆ ಸೇರಬಯಸುವವರೆಲ್ಲರೂ ಒಂಬತ್ತು ತಿಂಗಳಿನಿಂದ ಒಂದು ವರ್ಷದವರೆಗೆ ಕಡ್ಡಾಯವಾಗಿ ಸೇವೆ ಸಲ್ಲಿಸಬೇಕೆಂದು ಸೂಚಿಸಿತು. ಆರ್ಥಿಕ ಹೊರೆ ಮತ್ತು ಅನುಷ್ಠಾನದ ತೊಡಕುಗಳಿಂದಾಗಿ ಈ ಸಲಹೆ ಜಾರಿಗೆ ಬರಲಿಲ್ಲ. ಅನ್ಯದೇಶಗಳ ಅನುಭವವನ್ನು ಅಧ್ಯಯನ ಮಾಡಿದ ಕೆ. ಜಿ. ಸೈಯಿದೈನ್ ಅವರು ಸ್ವಯಂಪ್ರೇರಿತ ಸೇವೆಯನ್ನೇ ಸಮರ್ಥಿಸಿದರು. ಶಿಕ್ಷಣದ ಎಲ್ಲ ಹಂತಗಳಲ್ಲಿಯೂ ಸಮಾಜಸೇವೆಗೆ ಸ್ಥಾನವಿರಬೇಕೆಂದು ಕೊಠಾರಿ ಆಯೋಗವು (1964–66) ಅಭಿಪ್ರಾಯಪಟ್ಟಿತು. ಅಂತಿಮವಾಗಿ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಯೋಜನೆಗೆ ಚಾಲನೆ ನೀಡಿದರು.

ಧ್ಯೇಯವಾಕ್ಯ ಮತ್ತು ಲಾಂಛನ

ಯೋಜನೆಯ ಧ್ಯೇಯವಾಕ್ಯವನ್ನು ಕನ್ನಡದಲ್ಲಿ ಸಾಮಾನ್ಯವಾಗಿ ‘ನನಗಲ್ಲ, ನಿನಗೆ’ ಎಂದು ಹೇಳಲಾಗುತ್ತದೆ. ಲಾಂಛನವು ಒಡಿಶಾದ ಕೋನಾರ್ಕ್ ಸೂರ್ಯ ದೇವಾಲಯದ ರಥಚಕ್ರವನ್ನು ಆಧರಿಸಿದೆ. ಚಕ್ರದ ಎಂಟು ಅರಗಳು ದಿನದ 24 ಗಂಟೆಗಳನ್ನು, ಅಂದರೆ ಸದಾ ಸೇವಾಸನ್ನದ್ಧತೆಯನ್ನು ಸೂಚಿಸುತ್ತವೆ.

ಕಾರ್ಯವಿಧಾನ

ಕಾಲೇಜಿನ ಒಂದು ಘಟಕದಲ್ಲಿ ಸಾಮಾನ್ಯವಾಗಿ 100 ಸ್ವಯಂಸೇವಕರಿರುತ್ತಾರೆ. ಅಧ್ಯಾಪಕರೊಬ್ಬರು ಕಾರ್ಯಕ್ರಮಾಧಿಕಾರಿಯಾಗಿ ಘಟಕಕ್ಕೆ ಮಾರ್ಗದರ್ಶನ ಮಾಡುತ್ತಾರೆ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ಇದಲ್ಲದೆ, ದತ್ತು ಗ್ರಾಮದಲ್ಲಿ ಅಥವಾ ನಗರದ ಹಿಂದುಳಿದ ಬಡಾವಣೆಯಲ್ಲಿ ಏಳು ದಿನಗಳ ವಾರ್ಷಿಕ ವಿಶೇಷ ಶಿಬಿರ ನಡೆಯುತ್ತದೆ. ಶ್ರಮದಾನ, ಸಸಿ ನೆಡುವಿಕೆ, ಆರೋಗ್ಯ ತಪಾಸಣೆ, ಸಾಕ್ಷರತೆ ಮತ್ತು ರಕ್ತದಾನದ ಕುರಿತ ಜಾಗೃತಿ ಮುಂತಾದವು ಇದರ ಚಟುವಟಿಕೆಗಳು.

ನಾಯಕತ್ವದ ಬೆಳವಣಿಗೆ

ಇಲ್ಲಿ ನಾಯಕತ್ವವೆಂದರೆ ಅಧಿಕಾರವಲ್ಲ, ಹಂಚಿಕೊಂಡ ಹೊಣೆಗಾರಿಕೆ. ಶಿಬಿರದಲ್ಲಿ ವಿದ್ಯಾರ್ಥಿಗಳನ್ನು ತಂಡಗಳಾಗಿ ವಿಂಗಡಿಸಿ ಅಡುಗೆ, ಶ್ರಮದಾನ, ಸ್ವಚ್ಛತೆ, ಸಾಂಸ್ಕೃತಿಕ ಕಾರ್ಯಕ್ರಮ ಮೊದಲಾದ ಜವಾಬ್ದಾರಿಗಳನ್ನು ಸರದಿಯಂತೆ ವಹಿಸಲಾಗುತ್ತದೆ. ಇಂದು ತಂಡವನ್ನು ಮುನ್ನಡೆಸಿದವರು ನಾಳೆ ಇನ್ನೊಬ್ಬರ ಸೂಚನೆಯಂತೆ ಪಾತ್ರೆ ತೊಳೆಯುತ್ತಾರೆ. ಬೇರೆ ಬೇರೆ ಜಾತಿ, ಭಾಷೆ ಮತ್ತು ಆರ್ಥಿಕ ಹಿನ್ನೆಲೆಯವರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ದಿನದ ಕೊನೆಯಲ್ಲಿ ನಡೆಯುವ ಅವಲೋಕನ ಸಭೆಯು ಭಿನ್ನಾಭಿಪ್ರಾಯವನ್ನು ಸಂಯಮದಿಂದ ಹೇಳುವ ಮತ್ತು ಕೇಳುವ ಅಭ್ಯಾಸ ಮಾಡಿಸುತ್ತದೆ.

ಗ್ರಾಮ ಸಮೀಕ್ಷೆಯು ಇದರಷ್ಟೇ ಮುಖ್ಯ. ಊರಿಗೆ ಬೇಕಾಗಿರುವುದು ರಸ್ತೆಯೋ, ಕೆರೆಯ ಹೂಳೆತ್ತುವಿಕೆಯೋ ಎಂಬುದನ್ನು ವಿದ್ಯಾರ್ಥಿಗಳು ತಾವೇ ತೀರ್ಮಾನಿಸದೆ ಮನೆಮನೆಗೆ ಹೋಗಿ ತಿಳಿದುಕೊಂಡಾಗ, ಗ್ರಾಮಸ್ಥರು ಸೇವೆಯ ಫಲಾನುಭವಿಗಳಷ್ಟೇ ಆಗದೆ ಸಹಭಾಗಿಗಳೂ ಆಗುತ್ತಾರೆ. ಪಂಚಾಯಿತಿ ಸದಸ್ಯರು, ಶಾಲಾ ಶಿಕ್ಷಕರು, ಆಶಾ ಕಾರ್ಯಕರ್ತೆಯರು ಮತ್ತು ಸ್ವಸಹಾಯ ಸಂಘಗಳ ಮಹಿಳೆಯರೊಂದಿಗಿನ ಒಡನಾಟವು ಸಾರ್ವಜನಿಕ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರ ಪರಿಚಯ ನೀಡುತ್ತದೆ.

ಮಿತಿಗಳು

ಪ್ರಮಾಣಪತ್ರ ಅಥವಾ ಅಂಕಗಳಿಗಾಗಿ ಮಾತ್ರ ಸೇರುವುದು, ಒಂದು ದಿನದ ಸ್ವಚ್ಛತಾ ಕಾರ್ಯವನ್ನು ಛಾಯಾಚಿತ್ರಕ್ಕೆ ಸೀಮಿತಗೊಳಿಸುವುದು, ಕಾರ್ಯಕ್ರಮಾಧಿಕಾರಿಯೇ ಎಲ್ಲ ನಿರ್ಧಾರಗಳನ್ನು ಕೈಗೊಳ್ಳುವುದು ಯೋಜನೆಯ ಉದ್ದೇಶವನ್ನು ದುರ್ಬಲಗೊಳಿಸುತ್ತವೆ. ಶಿಬಿರದ ನಂತರ ಗ್ರಾಮದೊಂದಿಗೆ ಸಂಪರ್ಕ ಕಡಿದುಹೋದರೆ ನೆಟ್ಟ ಸಸಿಗಳಿಗೆ ನೀರೆರೆಯುವವರಿರುವುದಿಲ್ಲ. ವಿದ್ಯಾರ್ಥಿಗಳಿಗೂ ತಮ್ಮ ಕೆಲಸದ ಫಲಿತಾಂಶ ತಿಳಿಯುವುದಿಲ್ಲ. ಸೇವೆಯನ್ನು ಪಠ್ಯಕ್ರಮದ ಅಂಕಗಳೊಂದಿಗೆ ಜೋಡಿಸಿದಾಗ ಪಾಲ್ಗೊಳ್ಳುವವರ ಸಂಖ್ಯೆ ಹೆಚ್ಚಬಹುದು. ಆದರೆ ಯೋಜನೆಯ ಆರಂಭಕ್ಕೂ ಮುನ್ನ ಚರ್ಚೆಯಲ್ಲಿದ್ದ ಸ್ವಯಂಪ್ರೇರಣೆಯ ಪ್ರಶ್ನೆ ಅಲ್ಲಿ ಮತ್ತೆ ಎದುರಾಗುತ್ತದೆ. ಒಂದೇ ಗ್ರಾಮದೊಂದಿಗೆ ಹಲವು ವರ್ಷ ಸಂಬಂಧ ಉಳಿಸಿಕೊಳ್ಳುವುದು ಮತ್ತು ಹಿರಿಯ ಸ್ವಯಂಸೇವಕರು ಅಲ್ಲಿನ ಕೆಲಸವನ್ನು ಕಿರಿಯರಿಗೆ ಒಪ್ಪಿಸಿ ಹೋಗುವುದು ಈ ಕೊರತೆಗಳನ್ನು ತಗ್ಗಿಸುವ ಮಾರ್ಗಗಳಾಗಿವೆ.