ರೈಲು ನಿಂತ ಮೇಲೆ ಸೇತುವೆ ಏನಾಗಬೇಕು?



ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ಪೂರ್ಣಗೊಂಡಿತು. ಬ್ರಾಡ್ ಗೇಜ್ ಕೆಲಸಕ್ಕಾಗಿ 1996ರಲ್ಲಿ ಸಕಲೇಶಪುರ ಘಾಟಿಯಲ್ಲಿ ರೈಲು ನಿಂತಾಗ, ಅಲ್ಲಿನ ಸೇತುವೆಗಳು ಕೆಲವು ವರ್ಷ ಚಾರಣಿಗರ ಕಾಲುದಾರಿಯಾದವು. 2006ರಿಂದ ಅಲ್ಲಿ ಮತ್ತೆ ರೈಲು ಓಡುತ್ತಿದೆ. ಈಗ ಹಳಿಯ ಮೇಲೆ ನಡೆಯುವುದು ಪ್ರಾಣಾಪಾಯ ಮಾತ್ರವಲ್ಲ, 1989ರ ರೈಲ್ವೆ ಕಾಯಿದೆಯಂತೆ ಅಪರಾಧವೂ ಹೌದು. ಮನೆಯ ಹುಡುಗರಿಗೆ ಇದನ್ನು ತಿಳಿಸಿ ಹೇಳಬೇಕು.

ಆದರೆ ರೈಲು ಶಾಶ್ವತವಾಗಿ ನಿಂತ ಸೇತುವೆಯ ಗತಿಯೇನು? ಅಮೆರಿಕದ ಹಡ್ಸನ್ ನದಿಯ ಮೇಲಿನ ಪೊಕಿಪ್ಸಿ ಸೇತುವೆ ಇದಕ್ಕೆ ಒಳ್ಳೆಯ ನಿದರ್ಶನ. 1889ರಲ್ಲಿ ಸಂಚಾರಕ್ಕೆ ತೆರೆದ ಇದು ಉಕ್ಕಿನ ಟ್ರಸ್ ಸೇತುವೆ. ತೋಟದ ಮರದ ಗೇಟು ಜೋತಾಗ ನಾವು ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಹೊಡೆಯುತ್ತೇವಷ್ಟೆ? ಚೌಕ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಇಂತಹ ತ್ರಿಕೋನಗಳನ್ನು ಸಾಲಾಗಿ ಜೋಡಿಸಿದ್ದೇ ಟ್ರಸ್. ಕೆಲವು ಪಟ್ಟಿಗಳು ಎಳೆತವನ್ನೂ ಕೆಲವು ಒತ್ತಡವನ್ನೂ ತಾಳುವುದರಿಂದ ಕಡಿಮೆ ಉಕ್ಕು ಹೆಚ್ಚು ಭಾರ ಹೊರುತ್ತದೆ.

1974ರ ಮೇ 8ರಂದು ಬೆಂಕಿ ಬಿದ್ದು ಹಳಿಗಳು ಹಾಳಾದವು, ರೈಲು ನಿಂತುಹೋಯಿತು. 1984ರಲ್ಲಿ ಸೇತುವೆ ಒಂದೇ ಡಾಲರಿಗೆ ಮಾರಾಟವಾಯಿತು. ಆದರೆ ಊರಿನವರು 1992ರಲ್ಲಿ ಸಂಘ ಕಟ್ಟಿದರು, 1998ರಲ್ಲಿ ಒಡೆತನ ಪಡೆದರು. ಹಣ ಕೂಡಿಸಿ, ಉಕ್ಕನ್ನು ದುರಸ್ತಿ ಮಾಡಿಸಿ, ಮೇಲೆ ಕಾಂಕ್ರೀಟ್ ಹಲಗೆ ಹಾಸಿದ ಮೇಲೆ, 2009ರ ಅಕ್ಟೋಬರ್ 3ರಂದು 6,768 ಅಡಿ ಉದ್ದದ ಆ ಸೇತುವೆ ಕಾಲುದಾರಿಯಾಗಿ ತೆರೆಯಿತು. ಸಂಘ ಹುಟ್ಟಿದಂದಿನಿಂದ ಹದಿನೇಳು ವರ್ಷ ಬೇಕಾಯಿತು.

ನಮ್ಮ ಮಲೆನಾಡಿನಲ್ಲಿ ಮಳೆಗಾಲದಲ್ಲಿ ಅಡಿಕೆ ಮರದ ಸಂಕದ ಮೇಲೆ ಜೀವ ಕೈಯಲ್ಲಿ ಹಿಡಿದು ಹಳ್ಳ ದಾಟುವ ಶಾಲೆ ಮಕ್ಕಳು ಇನ್ನೂ ಇದ್ದಾರೆ. ಹೀಗಿರುವಾಗ ಹಳೆಯ ಸೇತುವೆಯನ್ನು ಬರೀ ಗುಜರಿಯ ತೂಕದಲ್ಲಿ ಅಳೆಯುವುದು ಸರಿಯಲ್ಲ. ನಿಮ್ಮ ಊರಿನ ಬಳಿ ಸೇತುವೆಯೊಂದು ಬಳಕೆ ತಪ್ಪಿದರೆ ಹರಾಜಿನ ದಿನದವರೆಗೆ ಕಾಯಬೇಡಿ. ಗ್ರಾಮಸಭೆಯಲ್ಲಿ ಠರಾವು ಮಾಡಿ ಸಂಬಂಧಪಟ್ಟ ಇಲಾಖೆಗೆ ಬರೆಯಿರಿ. ಎಂಜಿನಿಯರರಿಂದ ಪರೀಕ್ಷೆಯಾಗದೆ ಯಾರೂ ಅದರ ಮೇಲೆ ಕಾಲಿಡಬಾರದು. ಕೈಪಿಡಿ ಕಂಬಿ, ಬಣ್ಣ, ತುಕ್ಕು ತೆಗೆಸುವ ಖರ್ಚು ಯಾರದೆಂದು ಮೊದಲೇ ಬರವಣಿಗೆಯಲ್ಲಿ ತೀರ್ಮಾನವಾಗಲಿ. ನಮ್ಮ ಮಳೆಗೆ ಬಣ್ಣವಿಲ್ಲದ ಉಕ್ಕು ಬಹುಕಾಲ ತಾಳದು.

ಒಬ್ಬರ ಕೈಯಲ್ಲಿ ಆಗದ್ದನ್ನು ಹತ್ತು ಜನ ಕೂಡಿ ಮಾಡುವುದೇ ಸಹಕಾರ. ಅಡಿಕೆ ಮಾರಾಟಕ್ಕೆ ಒಪ್ಪುವ ಈ ಮಾತು ಸೇತುವೆಗೂ ಒಪ್ಪುತ್ತದೆ.

— ಕಾರ್ಯದರ್ಶಿ, ರವೀಂದ್ರನಗರ, ಶಿವಮೊಗ್ಗ