ಎದೆಯ ಕೇಡು, ಕಂಠದ ಸುಳಿವು

ಕೇರಳದ ಗಡಿಗೆ ತಾಗಿರುವ, ಸುಳ್ಯ ತಾಲ್ಲೂಕಿನ ಮಂಡೆಕೋಲಿನಲ್ಲಿ ಅಡಕೆ ತೋಟದ ಈ ಬದಿಯಿಂದ ಆ ಬದಿಗೆ ಕೂಗಿ ಕರೆಯುವ ಹಿರಿಯರೊಬ್ಬರನ್ನು ವಾಚಕರು ಊಹಿಸಿಕೊಳ್ಳಬಹುದು. ಒಂದು ದಿನ ಅವರ ದನಿ ಗೊಗ್ಗರಾಗುತ್ತದೆ. ನೆಗಡಿಯಿಲ್ಲ, ಜ್ವರವಿಲ್ಲ. ಮಳೆಗಾಲದ ಥಂಡಿಯೆಂದು ಮನೆಯವರು ಕರಿಮೆಣಸಿನ ಕಷಾಯ ಕುಡಿಸುತ್ತಾರೆ. ತಿಂಗಳು ಕಳೆದರೂ ದನಿ ಮರಳುವುದಿಲ್ಲ. ಕೇಡಿರುವುದು ಕೆಲವೊಮ್ಮೆ ಗಂಟಲಿನಲ್ಲಲ್ಲ, ಎದೆಗೂಡಿನೊಳಗೆ!

ಹೃದಯದಿಂದ ಹೊರಟ ಮಹಾಧಮನಿಯು ಮೇಲೇರಿ, ಕಮಾನಿನಂತೆ ಬಾಗಿ, ಬೆನ್ನೆಲುಬಿನ ಪಕ್ಕದಲ್ಲಿ ಕೆಳಗಿಳಿಯುತ್ತದೆ. ಎಡ ಧ್ವನಿತಂತುವನ್ನು ಆಡಿಸುವ ನರದ ಹಾದಿಯಂತೂ ಸೋಜಿಗದ್ದು. ಅದು ನೆಟ್ಟಗೆ ಕಂಠಕ್ಕೆ ಹೋಗದೆ ಎದೆಯವರೆಗೆ ಇಳಿದು, ಈ ಕಮಾನನ್ನು ಬಳಸಿಕೊಂಡು ಮತ್ತೆ ಮೇಲೆ ಹತ್ತುತ್ತದೆ. ನೆರೆಮನೆಗೆ ಹೋಗಲು ಊರೆಲ್ಲ ಸುತ್ತಿದಂತೆ. ಧಮನಿಯ ಗೋಡೆ ಬಲಗುಂದಿ ಉಬ್ಬಿದಾಗ ಈ ನರ ಎಳೆತಕ್ಕೆ ಸಿಕ್ಕಿ ಸೊರಗುತ್ತದೆ, ದನಿ ಕೆಡುತ್ತದೆ. ಹೃದ್ರೋಗದಿಂದ ಹೀಗಾಗುವುದನ್ನು ವಿಯೆನ್ನಾದ ವೈದ್ಯ ನಾರ್ಬರ್ಟ್ ಆರ್ಟ್ನರ್ 1897ರಲ್ಲಿ ವಿವರಿಸಿದನು. ಅವನ ರೋಗಿಗಳಿಗೆ ಇದ್ದುದು ಹೃದಯ ಕವಾಟದ ಬೇನೆ. ಧಮನಿಯ ಉಬ್ಬಿನಿಂದ ದನಿ ಕೆಟ್ಟಾಗಲೂ ಇಂದು ಅವನ ಹೆಸರನ್ನೇ ಹೇಳುತ್ತಾರೆ.

ದನಿ ಬಿದ್ದವರೆಲ್ಲರೂ ಅಂಜಬೇಕಾಗಿಲ್ಲ, ಇದು ಅಪರೂಪ. ಉಬ್ಬು ಅನ್ನನಾಳವನ್ನು ಒತ್ತಿದರೆ ತುತ್ತು ಇಳಿಯದು. ಶ್ವಾಸನಾಳವನ್ನು ಒತ್ತಿದರೆ ಕೆಮ್ಮು, ಏದುಸಿರು.

ಎಲ್ಲಕ್ಕಿಂತ ಮೋಸದ್ದು ಇನ್ನೊಂದಿದೆ. ಉಬ್ಬು ಅನ್ನನಾಳದೊಳಕ್ಕೇ ಕೊರೆದುಕೊಂಡು ಹೋದಾಗ ಎದೆ ನೋಯುತ್ತದೆ, ಒಂದಿಷ್ಟು ಕೆಂಪು ರಕ್ತ ವಾಂತಿಯಾಗಿ ತಾನಾಗಿಯೇ ನಿಲ್ಲುತ್ತದೆ. ಅನಂತರ ಕೆಲವು ತಾಸು, ಒಮ್ಮೊಮ್ಮೆ ಕೆಲವು ದಿನ, ಎಲ್ಲವೂ ಶಾಂತ. ರೋಗಿ ಎದ್ದು ಕುಳಿತು ಗಂಜಿ ಉಣ್ಣುತ್ತಾನೆ. ಪಿತ್ತವಿರಬೇಕೆಂದು ಮನೆಯವರು ಸಮಾಧಾನ ತಾಳುತ್ತಾರೆ. ಆ ಬಳಿಕ ಹರಿಯುವ ರಕ್ತ ನಿಲ್ಲುವಂಥದಲ್ಲ. ಅನ್ನನಾಳದಲ್ಲಿ ಸಿಕ್ಕಿಕೊಂಡ ವಸ್ತುವಿನಿಂದ ಮಹಾಧಮನಿ ತೂತಾದವರಲ್ಲಿ ಈ ಅನುಕ್ರಮವನ್ನು 1914ರಲ್ಲಿ ಗುರುತಿಸಿದವನು ಹಾನ್ಸ್ ಕಿಯಾರಿ.

ನಡುವಿನ ಆ ಶಾಂತ ಅವಧಿಯಲ್ಲಿಯೇ ಜೀವ ಉಳಿಸಿಕೊಳ್ಳಬೇಕು. ಸಿ.ಟಿ. ಸ್ಕ್ಯಾನ್ ಉಬ್ಬನ್ನು ತೋರಿಸಿಕೊಡುತ್ತದೆ. 1953ರಲ್ಲಿ ಹ್ಯೂಸ್ಟನ್ನಿನ ಡಿಬೇಕಿ ಮತ್ತು ಕೂಲಿ ಎದೆಯ ಧಮನಿಯ ಉಬ್ಬನ್ನು ಕತ್ತರಿಸಿ ತೆಗೆದು ಬದಲಿ ನಾಳವನ್ನು ಹೊಲಿದರು. ಈಗ ಎದೆಯನ್ನು ತೆರೆಯದೆ, ತೊಡೆಯ ಧಮನಿಯ ಮೂಲಕ ಬಟ್ಟೆ ಹೊದಿಸಿದ ಲೋಹದ ನಾಳವನ್ನು ಏರಿಸುವುದೂ ಉಂಟು. ಆದರೆ ಉಬ್ಬು ಅನ್ನನಾಳವನ್ನು ತೂತು ಮಾಡಿದ ಮೇಲೆ ಸೋಂಕಿನ ಭಯವಿದ್ದು, ಅಷ್ಟರಿಂದಲೇ ಚಿಕಿತ್ಸೆ ಮುಗಿಯದು.

ಸುಳ್ಯದಲ್ಲಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿಂದ ಮಂಗಳೂರಿಗೆ ಸುಮಾರು 85 ಕಿಲೋಮೀಟರು. ರಕ್ತ ನಿಂತಿತೆಂದು ಬಾಡಿಗೆ ಕಾರನ್ನು ಹಿಂದಕ್ಕೆ ಕಳುಹಿಸಬಾರದು. ವೈದ್ಯರ ಮುಂದೆ ಎದೆನೋವು, ರಕ್ತದೊತ್ತಡ, ಬೀಡಿಯ ಚಟಗಳ ಜೊತೆಗೆ, ತಿಂಗಳ ಹಿಂದೆ ಬಿದ್ದ ದನಿಯ ಸಂಗತಿಯನ್ನೂ ಹೇಳಬೇಕು.